ನಾರ್ಮಲ್ ಕಾಂಪೌಂಡರ ಬ್ಯಾಟರಿ ಚಾರ್ಟು

ಮೂವತ್ತನಾಲ್ಕು ವರ್ಷ ಒಂದೇ ಆಸ್ಪತ್ರೆಯಲ್ಲಿ ಥರ್ಮಾಮೀಟರ್ ಝಾಡಿಸಿದ ಕೈ ಅದು. ರೋಗಿಯ ಬಾಯಿಂದ ತೆಗೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ "ನಾರ್ಮಲ್" ಅನ್ನುವುದು. ಮಂಚದ ಕಾಲಿಗೆ ನೇತುಹಾಕಿದ ಚಾರ್ಟಿನಲ್ಲಿ ಬರೆಯುವುದು. ಮುಂದಿನ ಮಂಚಕ್ಕೆ ಹೋಗುವುದು. ಕಾಲು ಮುರಿದವನನ್ನು ಹೊತ್ತು ತಂದರೂ ಮೊದಲು ಬಾಯಿಗೆ ಥರ್ಮಾಮೀಟರ್ ಇಟ್ಟು, "ಟೆಂಪರೇಚರ್ ನಾರ್ಮಲ್" ಅಂತ ಸಮಾಧಾನ ಹೇಳಿ, ಆಮೇಲೆ ಕಾಲಿನ ಕಡೆ ತಿರುಗುತ್ತಿದ್ದರಂತೆ. ಓಣಿಯವರು ಅವರನ್ನು ನಾರ್ಮಲ್ ಕಾಂಪೌಂಡರು ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅವರಿಗೆ ಅದು ಬೇಜಾರೂ ಆಗುತ್ತಿರಲಿಲ್ಲ. ಬಿರುದು ಅಂದುಕೊಂಡಿದ್ದರು, ಪಾಪ.

ಕೆಲಸದಿಂದ ನಿವೃತ್ತಿಯಾದ ಮೇಲೆ ಕಾಂಪೌಂಡರಿಗೆ ಮನೆಯೇ ವಾರ್ಡು, ಆದರೆ ರೋಗಿಗಳೇ ಇಲ್ಲ. ಇದ್ದವಳೊಬ್ಬಳು ಹೆಂಡತಿ. ಆಕೆಗೆ ಕಾಯಿಲೆ ಬೀಳಲು ಪುರುಸೊತ್ತಿರಲಿಲ್ಲ. ಓಣಿಯವರ ಬಾಯಲ್ಲಿ ಟೈಲರಮ್ಮ. ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಬಿಳಿ ಕೋಟು ಹೊಲಿದುಕೊಡುವ ಕೆಲಸ ಹಿಡಿದಿದ್ದಳು. ಪ್ರತಿ ಹೊಸ ತಂಡಕ್ಕೂ ಅರವತ್ತು ಕೋಟು. ಗಂಡನ ಶಿಫಾರಸಿನಿಂದ ಸಿಕ್ಕ ಕೆಲಸವಲ್ಲ ಅದು, ತನ್ನ ಹೊಲಿಗೆ ತೋರಿಸಿ ಸಂಪಾದಿಸಿದ್ದು. ಕಾಲರು ನೋಡಿದರೆ ಸಾಕು, ಇದು ಟೈಲರಮ್ಮನ ಕೈ ಅಂತ ನರ್ಸುಗಳು ಗುರುತು ಹಿಡಿಯುತ್ತಿದ್ದರು. ಆಕೆಗೆ ಜೀವನದಲ್ಲಿ ನನ್ನದು ಅಂತ ಇದ್ದದ್ದು ಆ ಕೆಲಸ, ಮತ್ತೆ ಅದನ್ನು ಮಾಡುವ ಉತ್ತರದ ಕಡೆಯ ಕೋಣೆ. ಗೋಡೆಯ ಆಚೆ ನೀರಿನ ತೊಟ್ಟಿ, ಕೆಳಗೆ ಕಲ್ಲು ಹಾಸು. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

ಒಂದೇ ತಾಪತ್ರಯ. ಸಂಜೆ ನಾಲ್ಕಕ್ಕೆ ಹೋದ ಕರೆಂಟು ಎಂಟಕ್ಕೆ ಬರುತ್ತಿತ್ತು. ಮೋಟಾರು ಮಿಷನ್ನು ಅಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ಸೋಲಾರ್ ಹಾಕಿಸೋಣ ಅಂತ ಎರಡು ವರ್ಷ ಗಂಡನ ತಲೆ ತಿಂದವಳು ಟೈಲರಮ್ಮನೇ. ಕೊನೆಗೊಂದು ದಿನ ಮಾಳಿಗೆ ಮೇಲೆ ಫಲಕಗಳು ಬಂದವು, ಜೊತೆಗೆ ಎರಡು ದೊಡ್ಡ ಬ್ಯಾಟರಿ.

ಬ್ಯಾಟರಿ ಮೆಕ್ಯಾನಿಕ್ಕು ಮಾತು ಕಡಿಮೆ, ಅನುಭವ ಜಾಸ್ತಿ ಇರುವ ಆಸಾಮಿ. ಕಾಂಪೌಂಡರು ಬ್ಯಾಟರಿಗಳನ್ನು ಮಾಳಿಗೆಯ ತಗಡಿನ ಕೋಣೆಯಲ್ಲಿ ಇಡು ಅಂದಾಗ ಆತ ತಲೆ ಕೆರೆದುಕೊಂಡ.

"ತಗಡಿನ ಕೆಳಗೆ ಬೇಡ ಸಾರ್. ಬ್ಯಾಟರಿಗೆ ಬಿಸಿ ಆಗಿಬರಲ್ಲ. ಇಪ್ಪತ್ತೈದು ಡಿಗ್ರಿ ಸುತ್ತಮುತ್ತ ಇದ್ರೆ ಒಳ್ಳೇದು."

ಕಾಂಪೌಂಡರು ನಕ್ಕೇ ನಕ್ಕರು. "ಇಪ್ಪತ್ತೈದಾ? ಏನಪ್ಪಾ ನೀನು! ಇಪ್ಪತ್ತೈದು ಡಿಗ್ರಿಗೆ ಇಳಿದವರನ್ನ ನಾವು ವಾರ್ಡಲ್ಲಿ ಇಟ್ಕೋತಿರ್ಲಿಲ್ಲ, ಸೀದಾ ಶವಾಗಾರಕ್ಕೆ. ಮೂವತ್ತೇಳು ಅಂದ್ರೆ ನಾರ್ಮಲ್. ಟೆಂಪರೇಚರ್ ವಿಷಯ ನನಗೆ ಬಿಡು."

ಮೆಕ್ಯಾನಿಕ್ಕು ಬಿಟ್ಟ. ಗಿರಾಕಿಯ ಜೊತೆ ವಾದ ಮಾಡಿ ಯಾವ ಮೆಕ್ಯಾನಿಕ್ಕು ಉದ್ಧಾರವಾಗಿದ್ದಾನೆ!

ಅವತ್ತಿನಿಂದ ಕಾಂಪೌಂಡರಿಗೆ ಕಳೆದುಹೋದ ಯೌವನ ವಾಪಸ್ಸು ಬಂತು. ದಿನಾ ಸಂಜೆ ಐದು ಗಂಟೆಗೆ ತಗಡಿನ ಕೋಣೆಗೆ ಹತ್ತಿ, ಬ್ಯಾಟರಿಯ ಪಕ್ಕೆಗೆ ಥರ್ಮಾಮೀಟರನ್ನು ಅಂಟುಪಟ್ಟಿಯಿಂದ ಅಂಟಿಸಿ, ಐದು ನಿಮಿಷ ಗಡಿಯಾರ ನೋಡುತ್ತ ನಿಂತು, ತೆಗೆದು, ಒಂದು ಕಣ್ಣು ಮುಚ್ಚಿ ಓದುತ್ತಿದ್ದರು. ಮೂವತ್ತೇಳು! ಎರಡಕ್ಕೂ ಮೂವತ್ತೇಳು! ಹಳೆಯ ಆಸ್ಪತ್ರೆಯ ಚಾರ್ಟನ್ನೇ ಗೆರೆ ಹಾಕಿ ಎರಡು ಪ್ರತಿ ಮಾಡಿ ಬ್ಯಾಟರಿಗಳ ಮುಂದೆ ನೇತುಹಾಕಿದ್ದರು. ದಿನಾಂಕ, ಹೊತ್ತು, ಟೆಂಪರೇಚರ್, ಷರಾ. ಷರಾ ಕಾಲಮ್ಮಿನಲ್ಲಿ ಒಂದೇ ಮಾತು: ನಾರ್ಮಲ್. ಒಂದೊಂದು ದಿನ ಮೂವತ್ತೊಂಬತ್ತಕ್ಕೆ ಏರಿದರೆ "ಸ್ವಲ್ಪ ಜ್ವರ" ಅಂತ ಬರೆದು, ಬ್ಯಾಟರಿಯ ನೆತ್ತಿಗೆ ತಣ್ಣೀರ ಪಟ್ಟಿ ಹಾಕುತ್ತಿದ್ದರು. ಆ ಒದ್ದೆಗೆ ತಂತಿ ಕಚ್ಚುವ ತುದಿಗಳೆಲ್ಲ ಬಿಳಿ ಹಸಿರು ಪುಡಿ ಹಿಡಿದವು. ಕಾಂಪೌಂಡರು ಅದಕ್ಕೆ ಹುಣ್ಣಿಗೆ ಹಚ್ಚುವ ಮುಲಾಮು ಸವರಿದರು.

ತಮಾಷೆ ಏನೆಂದರೆ, ಮೊದಲ ಬೇಸಿಗೆಯಲ್ಲಿ ಬ್ಯಾಟರಿ ಚೆನ್ನಾಗಿಯೇ ಓಡಿತು. ಬಿಸಿಯಲ್ಲಿದ್ದಾಗ ಬ್ಯಾಟರಿ ಸ್ವಲ್ಪ ಜಾಸ್ತಿಯೇ ಕರೆಂಟು ಕೊಡುತ್ತದೆ. ಒಳಗೊಳಗೇ ಆಯಸ್ಸು ಕರಗುವುದು ಹೊರಗೆ ಕಾಣುವುದಿಲ್ಲ. ಮಿಷನ್ನು ನಾಲ್ಕು ಗಂಟೆಯೂ ಓಡಿದ್ದು ಕಂಡು ಕಾಂಪೌಂಡರು ಎದೆಯುಬ್ಬಿಸಿಕೊಂಡು ಓಣಿಯಲ್ಲಿ ಓಡಾಡಿದರು. ಚಳಿಗಾಲದಲ್ಲಿ ಅದು ಸ್ವಲ್ಪ ಮಂಕಾಯಿತು. ಬೆಳಿಗ್ಗೆ ಕೈಯಿಟ್ಟು ನೋಡಿದರೆ ತಣ್ಣಗೆ ಕೊರೆಯುತ್ತಿದೆ! ಕಾಂಪೌಂಡರು ಹೌಹಾರಿದರು.

"ರೀ, ನನ್ನ ಕಂಬಳಿ ಎಲ್ಲೋಯ್ತು?" ಅಂತ ಅವತ್ತು ಸಂಜೆ ಟೈಲರಮ್ಮ ಮನೆಯೆಲ್ಲ ಹುಡುಕಿದಳು.

"ಬ್ಯಾಟರಿಗೆ ಹೊದಿಸಿದೀನಿ ಕಣೇ. ಪಾಪ, ಮೈಯೆಲ್ಲ ತಣ್ಣಗಾಗಿಬಿಟ್ಟಿತ್ತು."

"ಅಯ್ಯೋ, ನಿಮ್ಮ!" ಅಂದಳು ಆಕೆ. ಹಳೆಯ ಎರಡು ಸೀರೆ ಜೋಡಿಸಿ ಹೊದ್ದು ಮಲಗಿದಳು.

ಎರಡನೇ ಬೇಸಿಗೆಗೆ ಬ್ಯಾಟರಿ ಕೈಕೊಟ್ಟಿತು. ನಾಲ್ಕು ಗಂಟೆ ಓಡುತ್ತಿದ್ದ ಮಿಷನ್ನು ಎರಡಕ್ಕೆ ಇಳಿಯಿತು, ಆಮೇಲೆ ಒಂದು, ಆಮೇಲೆ ಇಪ್ಪತ್ತು ನಿಮಿಷ. ಅರವತ್ತು ಕೋಟಿನ ಕೊನೆಯ ಹನ್ನೆರಡನ್ನು ಟೈಲರಮ್ಮ ಹಳೆಯ ಕಾಲಿನ ಮಿಷನ್ನಲ್ಲಿ ತುಳಿದು ತುಳಿದು ಮುಗಿಸಿದಳು. ಮಂಡಿ ಊದಿಕೊಂಡಿತು. ಕಾಂಪೌಂಡರು ಮಂಡಿಗೆ ಥರ್ಮಾಮೀಟರ್ ಇಡಲಿಲ್ಲ ಅನ್ನುವುದೇ ದೊಡ್ಡ ಪುಣ್ಯ.

ಮೆಕ್ಯಾನಿಕ್ಕು ಬಂದು ಬಿರಡೆ ತೆರೆದು ಟಾರ್ಚು ಬಿಟ್ಟು ನೋಡಿದ. ಒಳಗೆ ನೀರೆಲ್ಲ ಆರಿಹೋಗಿ ಸೀಸದ ತಟ್ಟೆಗಳು ಬೆತ್ತಲೆ ನಿಂತಿದ್ದವು.

"ಐದಾರು ವರ್ಷ ಬರಬೇಕಿತ್ತು ಸಾರ್. ಎರಡು ತುಂಬೋದ್ರೊಳಗೇ ಮುಗಿದುಹೋಗಿದೆ."

"ಸಾಧ್ಯವೇ ಇಲ್ಲ," ಅಂದರು ಕಾಂಪೌಂಡರು. "ಚಾರ್ಟು ನೋಡು. ಒಂದು ದಿನ ತಪ್ಪಿಸಿಲ್ಲ. ಎಲ್ಲಾ ನಾರ್ಮಲ್."

ಮೆಕ್ಯಾನಿಕ್ಕು ಚಾರ್ಟು ನೋಡಿದ. ಮೂವತ್ತೇಳು, ಮೂವತ್ತೇಳು, ಮೂವತ್ತೆಂಟು, ಮೂವತ್ತೇಳು. ಎಷ್ಟೋ ಬ್ಯಾಟರಿಗಳ ಸಾವು ನೋಡಿದ್ದ ಮನುಷ್ಯ, ಆದರೆ ಇಷ್ಟು ನೀಟಾಗಿ ಬರೆದಿಟ್ಟ ಸಾವನ್ನು ನೋಡಿರಲಿಲ್ಲ.

"ಸಾರ್, ಹತ್ತು ಡಿಗ್ರಿ ಜಾಸ್ತಿ ಆದ್ರೆ ಬ್ಯಾಟರಿ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಾನು ಮೊದಲೇ ಹೇಳಿದ್ದೆ. ಒಂದು ಮಾತು ಕೇಳ್ಲಾ? ಆಸ್ಪತ್ರೇಲಿ ಔಷಧಿ ಎಲ್ಲಿಡ್ತಿದ್ರಿ?"

"ತಂಪಾದ ಜಾಗದಲ್ಲಿ. ಎಲ್ಲಾ ಬಾಟಲಿ ಮೇಲೂ ಬರೆದಿರುತ್ತಲ್ಲ."

"ಬಿಸಿಲಲ್ಲಿಟ್ರೆ?"

"ಕೆಟ್ಟುಹೋಗುತ್ತೆ."

"ಹಾಂ. ನೀವು ಬ್ಯಾಟರಿನ ರೋಗಿ ಅಂದ್ಕೊಂಡ್ರಿ ಸಾರ್. ಅದು ಔಷಧಿ."

ಕಾಂಪೌಂಡರ ಮುಖ ನೋಡಬೇಕಿತ್ತು ಆಗ. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟರು. ಸಾವಿರಾರು ಬಾಟಲಿಗಳ ಮೇಲೆ ತಾನೇ ಓದಿದ ಮಾತು! ಆ ರಾತ್ರಿ ಊಟ ಸೇರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ತಪ್ಪು ಒಪ್ಪಿಕೊಂಡ ಗಂಡಸು ತಪ್ಪು ಮಾಡುವ ಗಂಡಸಿಗಿಂತ ಅಪಾಯ. ಬೆಳಗಾಗುವ ಹೊತ್ತಿಗೆ ಅವರು ಮತಾಂತರ ಹೊಂದಿದ್ದರು.

ಹೊಸ ಬ್ಯಾಟರಿ ಬರುವುದರೊಳಗೆ ಗೋಡೆಗೆ ಹಾಕುವ ಥರ್ಮಾಮೀಟರ್ ಕೈಯಲ್ಲಿ ಹಿಡಿದು ಮನೆಯ ಸರ್ವೆ ಶುರು ಮಾಡಿದರು. ದಿನಾ ಮಧ್ಯಾಹ್ನ ಒಂದೊಂದು ಕೋಣೆ. ಅಡುಗೆಮನೆ ಮೂವತ್ನಾಲ್ಕು. ನಡುಮನೆ ಮೂವತ್ತೊಂದು. ಮಲಗುವ ಕೋಣೆ ಮೂವತ್ತೆರಡು. ಹೊಲಿಗೆ ಕೋಣೆ ಇಪ್ಪತ್ತೇಳು! ಮನೆಯ ಮೂಲೆ ಮೂಲೆ ಅಳೆದರು, ಬಚ್ಚಲನ್ನೂ ಬಿಡಲಿಲ್ಲ. ಅಳೆಯದೆ ಬಿಟ್ಟ ಜಾಗ ಒಂದೇ, ಮುಂದಿನ ಜಗಲಿಯ ಮೂಲೆ. ಅಲ್ಲಿ ಅವರ ಆರಾಮಕುರ್ಚಿ ಇತ್ತು. ಎರಡರಿಂದ ನಾಲ್ಕರವರೆಗೆ ಅವರು ಅದರಲ್ಲಿ ಮುಖದ ಮೇಲೆ ಪೇಪರು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ಮಲಗಿದವರು ಅಳೆಯುವುದು ಹೇಗೆ ಹೇಳಿ!

ಬ್ಯಾಟರಿ ಹೊತ್ತು ಒಳಗೆ ಬರುವಾಗ ಮೆಕ್ಯಾನಿಕ್ಕು ಜಗಲಿಯಲ್ಲಿ ಒಂದು ಕ್ಷಣ ನಿಂತ. "ಈ ಮೂಲೆ ಚೆನ್ನಾಗಿದೆ ಸಾರ್. ನೆರಳಿದೆ, ಗಾಳಿ ಆಡುತ್ತೆ."

ಕಾಂಪೌಂಡರು ಕೆಮ್ಮಿದರು. "ಅದು ಕೂರೋ ಜಾಗ ಕಣಪ್ಪ. ಒಳಗೆ ಬಾ."

ಹೊಲಿಗೆ ಕೋಣೆಯ ಬಾಗಿಲಲ್ಲಿ ಟೈಲರಮ್ಮ ಕತ್ತರಿ ಹಿಡಿದು ನಿಂತಿದ್ದಳು. "ಇಲ್ಲಿಡ್ತೀರಾ? ಸರಿ, ಆ ಮೂಲೇಲಿ ಇಡಿ. ಈ ಮೂಲೇಲಿ ನಾನಿರ್ತೀನಿ."

ಮೆಕ್ಯಾನಿಕ್ಕು ಗೋಣು ಆಡಿಸಿದ. "ಬೇಡಮ್ಮಾ. ಚಾರ್ಜ್ ಆಗೋವಾಗ ಗ್ಯಾಸ್ ಬಿಡುತ್ತೆ. ಮುಚ್ಚಿದ ಕೋಣೇಲಿ ಅದರ ಪಕ್ಕ ಇಡೀ ದಿನ ಕೂರಬಾರದು. ಆಸಿಡ್ ಹಬೆಗೆ ನಿಮ್ಮ ಬಿಳಿ ಬಟ್ಟೇನೂ ಹಾಳಾಗುತ್ತೆ."

"ಹಾಗಾದ್ರೆ ನಾನೆಲ್ಲಿ ಹೊಲೀಲಿ?"

ಕಾಂಪೌಂಡರು ಮೇಲೆ ಬೆರಳು ತೋರಿಸಿದರು. ತಗಡಿನ ಕೋಣೆ ಖಾಲಿ ಆಗಿತ್ತಲ್ಲ.

ಇದನ್ನು ಇನ್ನೊಂದು ಸಲ ಹೇಳಬೇಕು, ಯಾಕೆಂದರೆ ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಟೈಲರಮ್ಮನ ಮಿಷನ್ನು ಓಡಲಿ ಅಂತ ಬ್ಯಾಟರಿ ಬಂತು. ಬ್ಯಾಟರಿ ಬಾಳಲಿ ಅಂತ ಟೈಲರಮ್ಮನ ಕೋಣೆ ಹೋಯಿತು. ಬ್ಯಾಟರಿಗೆ ಬಿಸಿ ಅಂತ ಬಿಟ್ಟ ಜಾಗ ಹೆಂಡತಿಗೆ ಸಾಕು ಅಂತ ಆಯಿತು. ಥೂ, ಇದಕ್ಕೆ ಏನನ್ನಬೇಕು!

ಮೊದಲ ದಿನವೇ ಆಕೆ ಕೆಳಗಿಳಿದು ಬಂದಳು. ಕೆನ್ನೆ ಕೆಂಡವಾಗಿತ್ತು. "ರೀ, ಮೇಲೆ ಕೂರೋಕ್ಕಾಗಲ್ಲ. ಕಾದ ಹೆಂಚಿನ ಹಾಗಿದೆ."

ಕಾಂಪೌಂಡರು ಹೊಸ ಚಾರ್ಟಿಗೆ ಗೆರೆ ಎಳೆಯುತ್ತಿದ್ದರು. "ಎಷ್ಟಿದೆ?"

"ಎಷ್ಟಿದೆ ಅಂದ್ರೆ?"

"ಡಿಗ್ರಿ ಕಣೇ. ಹೆಂಚು, ಕೆಂಡ ಅಂತೆಲ್ಲ ಹೇಳಿದ್ರೆ ಏನಂತ ತಿಳ್ಕೊಳ್ಳೋದು? ಬರೆದಿಡದ ಜ್ವರ ಜ್ವರವೇ ಅಲ್ಲ. ಇನ್ನೊಂದು ಥರ್ಮಾಮೀಟರ್ ಇದೆ, ತಗೊಂಡು ಹೋಗಿ ಗೋಡೆಗೆ ಹಾಕು. ದಿನಾ ಬರೆದಿಡು. ಆಮೇಲೆ ನೋಡೋಣ."

ಅರ್ಧ ಗಂಟೆಯ ಮೇಲೆ ಆಕೆ ಮೆಟ್ಟಿಲಿಂದಲೇ ಕೂಗಿದಳು. "ನಲವತ್ತೊಂದು!"

ಕಾಂಪೌಂಡರು ತಲೆ ಎತ್ತಲಿಲ್ಲ. "ಬೇಸಿಗೆಗೆ ಅದು ನಾರ್ಮಲ್."

ಆಮೇಲೆ ಟೈಲರಮ್ಮ ತುಟಿಪಿಟಕ್ಕೆನ್ನಲಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಹತ್ತಿದರೆ ಊಟಕ್ಕೆ ಇಳಿಯುವುದು, ಮತ್ತೆ ಹತ್ತಿದರೆ ಕತ್ತಲಾದ ಮೇಲೆ. ಮೇಲೆ ಗೋಡೆಗೆ ಒಂದು ಫ್ಯಾನಿತ್ತು. ಒಂದು ವಾರದ ಮೇಲೆ ಕಾಂಪೌಂಡರು ಅದನ್ನೂ ಬಿಚ್ಚಿ ತಂದರು. ಫ್ಯಾನು ಓಡಿದರೆ ಬ್ಯಾಟರಿಗೆ ಭಾರ, ಭಾರವಾದರೆ ಬಿಸಿ ಅಂತ ಅವರ ಲೆಕ್ಕ. ತಂದಿದ್ದನ್ನು ಸುಮ್ಮನೆ ಇಡುವುದೇಕೆ ಅಂತ ಬ್ಯಾಟರಿಯ ಎದುರಿಗೆ ಹಾಕಿದರು. ತನ್ನ ಕರೆಂಟಿನಿಂದ ತಾನೇ ಗಾಳಿ ಬೀಸಿಕೊಂಡು ಬ್ಯಾಟರಿ ದಿವಾನರ ಹಾಗೆ ಕೂತಿತು. ಚಾರ್ಟಿನಲ್ಲಿ ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತಾರು. ಮಿಷನ್ನು ಸಂಜೆ ನಾಲ್ಕರಿಂದ ಎಂಟರವರೆಗೆ ಎಡೆಬಿಡದೆ ಓಡುವ ಸದ್ದು ಮಾಳಿಗೆಯಿಂದ ಕೇಳುತ್ತಿತ್ತು. ಅದನ್ನು ಕೇಳಿ ಕಾಂಪೌಂಡರಿಗೆ ಆನಂದ. ಓಡಿಸುವವಳು ಏನಾಗಿದ್ದಾಳೆ ಅಂತ ಮಿಷನ್ನಿನ ಸದ್ದಿನಲ್ಲಿ ಗೊತ್ತಾಗುವುದಿಲ್ಲವಲ್ಲ.

ಐವತ್ತಮೂರನೆಯ ದಿನ ನರ್ಸಿಂಗ್ ಶಾಲೆಯ ಮೇಟ್ರನ್ನು ಆಟೋದಿಂದ ಇಳಿದರು. ಕಾಂಪೌಂಡರ ಜೊತೆ ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ದುಡಿದ ಹೆಂಗಸು. ಡಾಕ್ಟರುಗಳೇ ಅವರ ಎದುರು ದನಿ ತಗ್ಗಿಸುತ್ತಿದ್ದರು. ಕೈಯಲ್ಲಿ ಒಂದು ಗಂಟು. ಜಗಲಿಯಲ್ಲಿ ಪೇಪರಿನ ಕೆಳಗೆ ಮಲಗಿದ್ದ ಕಾಂಪೌಂಡರನ್ನು ಛತ್ರಿಯ ತುದಿಯಿಂದ ತಿವಿದು ಎಬ್ಬಿಸಿದರು.

"ಕಾಂಪೌಂಡರೇ, ನಿಮ್ಮ ಮನೆಯವರು ಎಲ್ಲಿ? ಆರು ವರ್ಷದಲ್ಲಿ ಒಂದು ಕೋಟು ವಾಪಸ್ಸು ಬಂದಿಲ್ಲ. ಈ ಸಲ ಇಪ್ಪತ್ತೆರಡು ಬಂದಿದೆ. ನೋಡಿ." ಗಂಟು ಬಿಚ್ಚಿದರು. ಬಿಳಿ ಕೋಟುಗಳ ಎದೆಯ ಮೇಲೆ, ಕಾಲರಿನ ಮೇಲೆ, ಸಣ್ಣ ಸಣ್ಣ ಹಳದಿ ಕಲೆ. "ಬೇರೆ ಟೈಲರನ್ನ ಹುಡುಕಿ ಅಂತ ಆಫೀಸಿನವರು ಆಗಲೇ ಪತ್ರ ಬರೆದಿದ್ದಾರೆ. ಆಕೆಯನ್ನ ಕೇಳದೆ ನಾನು ಸಹಿ ಹಾಕಲ್ಲ ಅಂತ ಬಂದೆ."

ಹೆಂಡತಿಯ ಕೆಲಸಕ್ಕೇ ಕುತ್ತು ಬಂತಲ್ಲ! "ಎಣ್ಣೆ ಇರಬೇಕು ಸಿಸ್ಟರ್, ಮಿಷನ್ನಿಂದು," ಅಂತ ಕಾಂಪೌಂಡರು ತೊದಲಿದರು. ಆಮೇಲೆ ಬಂದವರಿಗೆಲ್ಲ ತೋರಿಸುವುದನ್ನೇ ತೋರಿಸಿದರು. ಹೊಲಿಗೆ ಕೋಣೆಗೆ ಕರೆದುಕೊಂಡು ಹೋಗಿ ಬ್ಯಾಟರಿ, ಫ್ಯಾನು, ಚಾರ್ಟು ಎಲ್ಲದರ ವಿವರ ಕೊಟ್ಟು, "ಔಷಧಿ ಇದ್ದ ಹಾಗೆ ಸಿಸ್ಟರ್. ತಂಪಲ್ಲೇ ಇಡಬೇಕು," ಅಂದರು.

ಮೇಟ್ರನ್ನು ಆ ತಣ್ಣನೆಯ ಕೋಣೆಯ ನಡುವೆ ನಿಂತು ಸುತ್ತ ನೋಡಿದರು. "ಸರಿ. ಔಷಧಿ ತಂಪಾಗಿದೆ. ಪೇಷೆಂಟ್ ಎಲ್ಲಿ?"

ಮೇಲಿಂದ ಮಿಷನ್ನಿನ ಸದ್ದು ಬರುತ್ತಿತ್ತು. ಮೇಟ್ರನ್ನು ಸದ್ದಿನ ಕಡೆ ಹೊರಟರು. ಆ ಬೇಸಿಗೆಯಲ್ಲಿ ಕಾಂಪೌಂಡರು ಮಧ್ಯಾಹ್ನದ ಹೊತ್ತು ಮಾಳಿಗೆ ಹತ್ತಿದ್ದು ಅದೇ ಮೊದಲು. ಬಾಗಿಲಿಗೆ ಬಂದಾಗ ಒಳಗಿನ ಕಾವು ಮುಖಕ್ಕೆ ಹೊಡೆದು ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಟೈಲರಮ್ಮ ಹಣೆಗೆ ಟವೆಲ್ ಬಿಗಿದು ಕಟ್ಟಿಕೊಂಡಿದ್ದಳು. ಎರಡು ಮೊಣಕೈಗೂ ಬಟ್ಟೆ ಸುತ್ತಿಕೊಂಡಿದ್ದಳು, ಬೆವರು ಕೋಟಿನ ಮೇಲೆ ಇಳಿಯದಿರಲಿ ಅಂತ. ಆದರೂ ಮೂಗಿನ ತುದಿಯಿಂದ ಒಂದು ಹನಿ ಜಾರಿ ಕಾಲರಿನ ಮೇಲೆ ಬಿತ್ತು. ಆಕೆ ಥಟ್ಟನೆ ಒರೆಸಿದಳು. ತೂಕ ಇಳಿದು ರವಿಕೆ ಜೋಲುತ್ತಿತ್ತು. ಐವತ್ತಮೂರು ದಿನ ದಿನಕ್ಕೆ ಎರಡು ಹೊತ್ತು ಎದುರಿಗೇ ಕೂತು ಉಂಡ ಕಾಂಪೌಂಡರಿಗೆ ಅದು ಕಂಡದ್ದು ಆಗ.

ಮೇಟ್ರನ್ನು ಆಕೆಯ ಹತ್ತಿರ ಹೋಗಲಿಲ್ಲ. ಮಿಷನ್ನಿನ ಕಾಲಿಗೆ ದಾರದಲ್ಲಿ ಏನೋ ನೇತುಹಾಕಿತ್ತು, ಬಗ್ಗಿ ಅದನ್ನು ಬಿಚ್ಚಿ ಓದಿದರು. ಓದಿ, ಕಾಂಪೌಂಡರ ಕೈಗೆ ಕೊಟ್ಟರು.

ಚಾರ್ಟು. ಅವರದೇ ಮಾದರಿ. ದಿನಾಂಕ, ಹೊತ್ತು, ಟೆಂಪರೇಚರ್, ಷರಾ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಗುಂಡಗಿನ ಅಕ್ಷರ. ನಲವತ್ತೊಂದು, ನಾರ್ಮಲ್. ನಲವತ್ತೆರಡು, ನಾರ್ಮಲ್. ನಲವತ್ತೆರಡು, ನಾರ್ಮಲ್. ಫ್ಯಾನು ತೆಗೆದ ದಿನ ನಲವತ್ತಮೂರು, ನಾರ್ಮಲ್. ಐವತ್ತಮೂರು ಸಾಲು, ಒಂದು ದಿನವೂ ತಪ್ಪಿರಲಿಲ್ಲ.

ಕಾಂಪೌಂಡರು ಎರಡು ಸಲ ಓದಿದರು. "ಹೇಳಬಾರದಿತ್ತೇನೇ?" ಅಂದರು.

"ಹೇಳಿದ್ನಲ್ಲ. ಬರೆದಿಡು ಅಂದ್ರಿ. ಬರೆದಿಟ್ಟೆ." ಟೈಲರಮ್ಮ ದಾರ ಕಚ್ಚಿ ತುಂಡರಿಸಿದಳು. "ನೋಡೋಕೆ ಬರ್ತೀರೇನೋ ಅಂತ ಇದ್ದೆ."

ಮೇಟ್ರನ್ನು ಹೊರಡುವಾಗ ಎರಡೇ ಮಾತು ಆಡಿದರು. ಟೈಲರಮ್ಮನಿಗೆ, "ಹದಿನೈದು ದಿನ ಟೈಮ್ ತಗೊಳ್ಳಿ ತಾಯಿ, ಆಫೀಸಿಗೆ ನಾನು ಹೇಳ್ಕೋತೀನಿ." ಕಾಂಪೌಂಡರಿಗೆ, ಜಗಲಿಯ ಮೂಲೆಯಲ್ಲಿ ನಿಂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಆಹಾ, ಇಲ್ಲೆಷ್ಟು ತಂಪಾಗಿದೆ! ಎಷ್ಟು ಡಿಗ್ರಿ ಇರಬಹುದು ಕಾಂಪೌಂಡರೇ?"

ಅವರು ಅಳೆದರು. ಇಪ್ಪತ್ತಾರು.

ಮಾರನೆಯ ದಿನ ಮೆಕ್ಯಾನಿಕ್ಕು ಬಂದು ಬ್ಯಾಟರಿಗಳನ್ನು ಜಗಲಿಯ ಮೂಲೆಗೆ ಸಾಗಿಸಿದ. ಗಾಳಿಯಾಡುವ ಹಾಗೆ ಜಾಲರಿಯ ಪೆಟ್ಟಿಗೆ ಮಾಡಿ ಕೂರಿಸಿದ. ಮಿಷನ್ನು ಕೆಳಗಿಳಿದು, ಫ್ಯಾನು ಉಳಿದಿದ್ದ ಕಲ್ಲುಹಾಸಿನ ಕೋಣೆ ಸೇರಿತು. ಜಾಗ ಕಳೆದುಕೊಂಡದ್ದು ಆರಾಮಕುರ್ಚಿ. ನಡುಮನೆಯಲ್ಲಿ ಹಾಕಿಕೊಳ್ಳಿ ಅಂದಳು ಹೆಂಡತಿ. ಕಾಂಪೌಂಡರು ಕೇಳಲಿಲ್ಲ. ತಾವೇ ತಲೆಯ ಮೇಲೆ ಹೊತ್ತುಕೊಂಡು ತಗಡಿನ ಕೋಣೆಗೆ ಹೋದರು.

ಎರಡು ಗಂಟೆಗೆ ಪೇಪರು ಹಿಡಿದು ಹತ್ತಿದವರು ಎರಡೂ ಇಪ್ಪತ್ತಕ್ಕೆ ಇಳಿದರು. ಅಂಗಿ ಮೈಗೆ ಅಂಟಿತ್ತು, ಪೇಪರು ಒದ್ದೆಯಾಗಿತ್ತು. ಗೋಡೆ ಹಿಡಿದುಕೊಂಡು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತರು.

ಟೈಲರಮ್ಮ ಹೊಲಿಗೆಯಿಂದ ಕಣ್ಣು ಕೀಳಲಿಲ್ಲ. "ಎಷ್ಟಿತ್ತು?"

"ನಲವತ್ತೆರಡು."

"ಬರೆದಿಟ್ರಾ?"

ಕಾಂಪೌಂಡರು ಮತ್ತೆ ಮೆಟ್ಟಿಲು ಹತ್ತಿದರು. ಚಾರ್ಟು ಅಲ್ಲೇ ಕಿಟಕಿಯ ಮೇಲಿತ್ತು. ಐವತ್ತನಾಲ್ಕನೆಯ ಸಾಲಿನಲ್ಲಿ ದಿನಾಂಕ, ಹೊತ್ತು, ನಲವತ್ತೆರಡು ಬರೆದರು. ಷರಾ ಕಾಲಮ್ಮಿಗೆ ಬಂದಾಗ ಪೆನ್ಸಿಲು ನಿಂತಿತು. ಮೂವತ್ತನಾಲ್ಕು ವರ್ಷ ಆ ಕಾಲಮ್ಮಿನಲ್ಲಿ ಒಂದೇ ಪದ ಬರೆದ ಕೈ ಅದು. ಬೆವರು ಕಣ್ಣಿಗೆ ಇಳಿಯಿತು. ಬರೀ ಬೆವರೇ ಅಂತ ನಾನೇನೂ ಆಣೆ ಮಾಡಿ ಹೇಳುವುದಿಲ್ಲ.

ಕೆಳಗೆ ಬಂದು ಚಾರ್ಟನ್ನು ಹೆಂಡತಿಯ ಮುಂದೆ ಹಿಡಿದರು. ಆಕೆ ಮಿಷನ್ನು ನಿಲ್ಲಿಸಿ ಷರಾ ಓದಿದಳು: "ಇಪ್ಪತ್ತು ನಿಮಿಷ ನನ್ನಿಂದ ಆಗಲಿಲ್ಲ. ಇವಳು ಐವತ್ತಮೂರು ದಿನ ಕೂತಿದ್ದಳು. ನಾನು ನೋಡಲಿಲ್ಲ."

ಟೈಲರಮ್ಮ ಆ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಚಾರ್ಟನ್ನು ನಾಲ್ಕು ಮಡಿಕೆ ಮಾಡಿ ಗುಂಡಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಹೊಸ ಕೋಟಿನ ಕಾಲರನ್ನು ಸೂಜಿಯ ಕೆಳಗೆ ಇಟ್ಟಳು.

"ಆ ಫ್ಯಾನು ಸ್ವಲ್ಪ ಈ ಕಡೆ ತಿರುಗಿಸ್ರೀ," ಅಂದಳು.

ಕಾಂಪೌಂಡರು ತಿರುಗಿಸಿದರು.